ಪೆಟ್ಟಿ ಅಂಗಡಿ ಸಿಗದ ಮನುಷ್ಯ ಮತ್ತು 1950ರ ಆದೇಶ

ಮದ್ರಾಸಿನ ರಸ್ತೆ ಬದಿಯಲ್ಲಿ ಕೂತು ಚಪ್ಪಲಿ ಹೊಲೆಯುತ್ತಿದ್ದ ಒಬ್ಬರಿದ್ದರು. ಬಿಸಿಲಿರಲಿ ಮಳೆಯಿರಲಿ, ನೆಲವೇ ಅಂಗಡಿ. 1980ರ ದಶಕದ ಶುರುವಿನಲ್ಲಿ ಸರ್ಕಾರ ಅಂಥವರಿಗೆ ಪುಕ್ಕಟೆಯಾಗಿ ಪೆಟ್ಟಿ ಅಂಗಡಿ ಕೊಟ್ಟಿತು. ಅದೇ ಕೆಲಸ ಮಾಡುವ ಹಿಂದೂ ದಲಿತರಿಗೆ ಸಿಕ್ಕಿತು, ಇವರಿಗೆ ಸಿಗಲಿಲ್ಲ. ಇವರೂ ಆದಿ ದ್ರಾವಿಡ ಎಂಬ ದಲಿತ ಜಾತಿಯವರೇ. ಆದರೆ ಕ್ರೈಸ್ತರಾಗಿದ್ದರು.

ಯಾಕೆ ಹೀಗಾಯ್ತು ಅಂತ ತಿಳಿಯಲು 1950ಕ್ಕೆ ಹೋಗಬೇಕು. ಆ ಜನವರಿಯಲ್ಲಿ ಜಾರಿಗೆ ಬಂದ ಸಂವಿಧಾನದ 25ನೇ ವಿಧಿ, ಇಷ್ಟಬಂದ ಧರ್ಮವನ್ನು ನಂಬುವ, ಪಾಲಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯ ಕೊಟ್ಟಿತ್ತು. ಆಗಸ್ಟ್ 10ಕ್ಕೆ ಪರಿಶಿಷ್ಟ ಜಾತಿಗಳ ಪಟ್ಟಿ ಮಾಡಿದ ರಾಷ್ಟ್ರಪತಿ ಆದೇಶ ಹೊರಬಿತ್ತು. ಪಂಜಾಬ್ ಕಡೆಯ ನಾಲ್ಕು ಸಿಖ್ ಜಾತಿಗಳನ್ನು ಬಿಟ್ಟರೆ, ಹಿಂದೂ ಅಲ್ಲದವರು ಯಾರೂ ಪರಿಶಿಷ್ಟ ಜಾತಿಗೆ ಸೇರುವುದಿಲ್ಲ ಅಂತ ಅದರ 3ನೇ ಪ್ಯಾರಾ ಹೇಳಿತು. 1956ರಲ್ಲಿ ಎಲ್ಲ ದಲಿತ ಸಿಖ್ಖರೂ, 1990ರಲ್ಲಿ ಬೌದ್ಧರೂ ಒಳಗೆ ಬಂದರು. ಆ ಧರ್ಮಗಳೂ ಜಾತಿಯನ್ನು ಒಪ್ಪುವುದಿಲ್ಲ, ಅಲ್ವಾ? ಆದರೂ ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದರು.

ಚಪ್ಪಲಿ ಹೊಲೆಯುವವರು ಸುಪ್ರೀಂ ಕೋರ್ಟಿಗೆ ಹೋದರು, 1985ರಲ್ಲಿ ಸೋತರು. ಮತಾಂತರದ ನಂತರವೂ ಜಾತಿ ಉಳಿದಿದೆ ಅಂದರೆ ಸಾಲದು, ಜಾತಿಯ ಕಷ್ಟಗಳು ಹೊಸ ಧರ್ಮದಲ್ಲೂ ಅಷ್ಟೇ ಕಠೋರವಾಗಿವೆ ಅಂತ ತೋರಿಸಬೇಕು ಎಂದಿತು ಕೋರ್ಟು. ರಸ್ತೆ ಬದಿ ಕೂತವರು ಇಡೀ ಸಮುದಾಯದ ನೋವಿಗೆ ದಾಖಲೆ ಎಲ್ಲಿಂದ ತರಬೇಕು? ನನಗೆ ಇವತ್ತಿಗೂ ಇದು ಅನ್ಯಾಯ ಅಂತಲೇ ಅನಿಸುತ್ತದೆ.

ಹುಡುಕಿದರೆ ಸಾಕ್ಷಿ ಇತ್ತು. ತಿರುಚಿರಾಪಳ್ಳಿಯ ಒಂದು ಕ್ರೈಸ್ತ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಬೇರೆ ಮಾಡಲು ಗೋಡೆಯನ್ನೇ ಕಟ್ಟಿದ್ದರು. ಶಿಲುಬೆ ಎರಡೂ ಕಡೆ ಒಂದೇ. 2016ರಲ್ಲಿ ಭಾರತದ ಕ್ಯಾಥೊಲಿಕ್ ಬಿಷಪರೇ ಚರ್ಚಿನೊಳಗೆ ಅಸ್ಪೃಶ್ಯತೆ ಇದೆ ಎಂದು ಬರವಣಿಗೆಯಲ್ಲಿ ಒಪ್ಪಿಕೊಂಡರು. ತಮ್ಮ ಸುಮಾರು 1.9 ಕೋಟಿ ಜನರಲ್ಲಿ 1.2 ಕೋಟಿ ದಲಿತರು ಎಂದೂ ಹೇಳಿದರು. ಗೋಡೆ ಕಟ್ಟಿದ ಚರ್ಚಿನ ತಪ್ಪು ಆದೇಶ ಬರೆದ ಸರ್ಕಾರದ ತಪ್ಪಿಗಿಂತ ಕಡಿಮೆಯದಲ್ಲ.

ಕರ್ನಾಟಕದಲ್ಲಿ ಕ್ರೈಸ್ತರಾದ ದಲಿತರು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಬರುತ್ತಾರೆ. ಆದರೆ ಮೀಸಲು ಕ್ಷೇತ್ರದಲ್ಲಿ ಚುನಾವಣೆಗೆ ನಿಲ್ಲುವಂತಿಲ್ಲ, ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆಯುವ ಕಾಯ್ದೆಯ ರಕ್ಷಣೆಯೂ ಇಲ್ಲ. 1950ರ ಆದೇಶದ 3ನೇ ಪ್ಯಾರಾ ತೆಗೆಯಿರಿ ಎಂದು ಕೇಂದ್ರ ಸರ್ಕಾರವೇ ನೇಮಿಸಿದ್ದ ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಹೇಳಿತ್ತು. 2022ರಲ್ಲಿ ಇದೇ ಪ್ರಶ್ನೆಗೆ ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದಲ್ಲಿ ಮತ್ತೊಂದು ಆಯೋಗ ಬಂತು. ಈ ಪ್ರಶ್ನೆ ತೀರ್ಮಾನವಾಗುವವರೆಗೂ ಎಷ್ಟೋ ಮನೆಗಳಲ್ಲಿ ಮಗುವಿಗೆ ಎರಡು ಹೆಸರು. ಚರ್ಚಿನ ಜ್ಞಾನಸ್ನಾನದ ಪುಸ್ತಕದಲ್ಲಿ ಕ್ರೈಸ್ತ ಹೆಸರು, ಶಾಲೆಯ ಹಾಜರಿ ಪುಸ್ತಕದಲ್ಲಿ ಹಿಂದೂ ಹೆಸರು.