ಒಂದೇ ಗೆರೆಯ ಮೇಲೆ ನೂರು ಎಸೆತ

ವಿಜಯಪುರದ ಶಾಲಾ ಮೈದಾನವೊಂದರಲ್ಲಿ ಎರಡು ಸಂಜೆ ಬಾಸ್ಕೆಟ್‌ಬಾಲ್ ಅಭ್ಯಾಸ ನೋಡುತ್ತ ಕುಳಿತಿದ್ದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಫ್ರೀ ಥ್ರೋ (ಎದುರಾಳಿಯ ತಪ್ಪಿಗೆ ಸಿಗುವ, ಯಾರೂ ಅಡ್ಡ ಬರದ ಎಸೆತ) ಗೆರೆಯ ಮೇಲೆ ನಿಂತು, ಕಾಲು ಕದಲಿಸದೆ, ಒಂದೇ ಸಮನೆ ರಿಂಗಿನತ್ತ ಚೆಂಡು ಎಸೆಯುತ್ತಿದ್ದಳು. ಮೊದಲ ಹತ್ತರಲ್ಲಿ ಮೂರು ಬಿದ್ದವು. ಐವತ್ತು ದಾಟುವ ಹೊತ್ತಿಗೆ ಹತ್ತಕ್ಕೆ ಏಳು ಬೀಳತೊಡಗಿದವು. ‘ಈಗ ಕೈಗೆ ನೆನಪು ಕೂತಿತು ನೋಡ್ರಿ’ ಎಂದರು ಪಕ್ಕದಲ್ಲಿದ್ದ ಹಿರಿಯರೊಬ್ಬರು. ಮರುದಿನ ಅದೇ ಗೆರೆಯಿಂದ ಮೊದಲ ಹತ್ತರಲ್ಲಿ ಮತ್ತೆ ಮೂರೇ ಬಿದ್ದವು.

ಕೈಗೆ ನೆನಪಿರುತ್ತದೆ ಎಂಬ ನಂಬಿಕೆ ನಮ್ಮ ಮೈದಾನಗಳಲ್ಲಿ ಬಹಳ ಗಟ್ಟಿಯಾಗಿ ಬೇರೂರಿದೆ, ಅದರಿಂದ ಮಕ್ಕಳ ಎಷ್ಟೋ ಸಂಜೆಗಳು ವ್ಯರ್ಥವಾಗುತ್ತಿವೆ. ಚೆಂಡನ್ನು ಎಷ್ಟು ಬಲದಿಂದ, ಯಾವ ಕೋನದಲ್ಲಿ ಬಿಡಬೇಕೆಂಬ ಲೆಕ್ಕ ನಡೆಯುವುದು ಸ್ನಾಯುವಿನಲ್ಲಲ್ಲ, ಮೆದುಳಿನಲ್ಲಿ. ಒಂದೇ ಜಾಗದಿಂದ ಎಸೆಯುತ್ತಲೇ ಇದ್ದರೆ ಮೆದುಳು ಆ ಲೆಕ್ಕವನ್ನು ಹೊಸದಾಗಿ ಮಾಡುವುದಿಲ್ಲ. ಹಿಂದಿನ ಎಸೆತದ ಉತ್ತರವನ್ನೇ ತುಸು ತಿದ್ದಿ ಬಳಸುತ್ತದೆ. ಮಗ್ಗಿಯನ್ನು ಸಾಲಾಗಿ ಒಪ್ಪಿಸುವ ಮಗುವನ್ನು ತಡೆದು ‘ಏಳೆಂಟ್ಲ ಎಷ್ಟು?’ ಎಂದು ಕೇಳಿದರೆ ಅದು ಏಳೊಂದ್ಲದಿಂದ ಮತ್ತೆ ಹೊರಡುತ್ತದಲ್ಲ, ಹಾಗೆ. ಅಡ್ಡಾದಿಡ್ಡಿಯಾಗಿ ಕೇಳಿಸಿಕೊಂಡು ಕಲಿತ ಮಗುವಿಗೆ ಆ ತೊಂದರೆಯಿಲ್ಲ. ರೊಟ್ಟಿ ಬಡಿಯುವ ನಮ್ಮ ತಾಯಂದಿರನ್ನೇ ನೋಡಿ. ಹೊಸ ಜೋಳದ ಹಿಟ್ಟಿಗೆ ಜಿಗಿ ಹೆಚ್ಚು, ಹಿಟ್ಟು ಹಳತಾದರೆ ಕಡಿಮೆ. ಎಸರಿನ ಬಿಸಿಯೂ ದಿನಾ ಒಂದೇ ಸಮ ಇರುವುದಿಲ್ಲ. ಆದರೂ ರೊಟ್ಟಿ ಅದೇ ದುಂಡು, ಅದೇ ತೆಳು, ಏಕೆಂದರೆ ಅವರ ಅಂಗೈ ಪ್ರತಿ ಸಲ ಬೇರೆಯಾಗಿ ಬಡಿಯುತ್ತದೆ.

ಸೋವಿಯತ್ ವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೀನ್ 1920ರ ದಶಕದಲ್ಲಿ ಸುತ್ತಿಗೆಯಿಂದ ಉಳಿ ಹೊಡೆಯುವ ನುರಿತ ಕೆಲಸಗಾರರ ಚಲನೆಯನ್ನು ಛಾಯಾಚಿತ್ರಗಳಲ್ಲಿ ಹಿಡಿದು ಅಳೆದರು. ಪ್ರತಿ ಏಟಿನಲ್ಲಿ ಭುಜ, ಮೊಣಕೈ, ಮಣಿಕಟ್ಟುಗಳ ಚಲನೆ ಬೇರೆಬೇರೆಯಾಗಿತ್ತು. ಸುತ್ತಿಗೆಯ ತುದಿ ಮಾತ್ರ ಬೀಳಬೇಕಾದಲ್ಲೇ ಬೀಳುತ್ತಿತ್ತು. 1978ರಲ್ಲಿ ಕೆರ್ ಮತ್ತು ಬೂತ್ ಎಂಬ ಸಂಶೋಧಕರು ಎಂಟು ವರ್ಷದ ಮಕ್ಕಳಿಗೆ ಕಾಳಿನ ಚೀಲವನ್ನು ಗುರಿಯತ್ತ ಎಸೆಯುವ ಅಭ್ಯಾಸ ಕೊಟ್ಟರು. ಒಂದು ಗುಂಪು ಮೂರು ಅಡಿ ದೂರದಿಂದ ಮಾತ್ರ ಎಸೆಯಿತು. ಇನ್ನೊಂದು ಗುಂಪು ಎರಡು ಮತ್ತು ನಾಲ್ಕು ಅಡಿಗಳಿಂದ ಎಸೆಯಿತು, ಮೂರು ಅಡಿಯಿಂದ ಎಸೆಯಲೇ ಇಲ್ಲ. ಕೊನೆಯ ಪರೀಕ್ಷೆ ಮೂರು ಅಡಿಯಿಂದ ನಡೆದಾಗ ಎರಡನೆಯ ಗುಂಪೇ ಹೆಚ್ಚು ನಿಖರವಾಗಿತ್ತು! ಇದನ್ನು ಓದಿದ ದಿನ ನನಗೆ ರಾತ್ರಿಯೆಲ್ಲ ಅದೇ ಯೋಚನೆ.

ಬಾಸ್ಕೆಟ್‌ಬಾಲ್‌ಗಂತೂ ಈ ಮಾತು ಇನ್ನೂ ಹೆಚ್ಚು ಒಪ್ಪುತ್ತದೆ. ರಿಂಗಿನ ಅಗಲ 45 ಸೆಂಟಿಮೀಟರ್, ಚೆಂಡಿನದು ಸುಮಾರು 24. ಚೆಂಡು 45 ಡಿಗ್ರಿ ಓರೆಯಲ್ಲಿ ಇಳಿದರೆ ಅದಕ್ಕೆ ಸಿಗುವ ಬಾಯಿ 32 ಸೆಂಟಿಮೀಟರ್‌ನಷ್ಟು. 30 ಡಿಗ್ರಿಯಲ್ಲಿ ಬಂದರೆ 22.5 ಮಾತ್ರ, ಅಂದರೆ ರಿಂಗಿಗೆ ತಾಗದೆ ಒಳಗೆ ಹೋಗಲು ಸಾಧ್ಯವೇ ಇಲ್ಲ. ಒಂದು ಹೆಜ್ಜೆ ಹಿಂದೆ ಸರಿದರೂ ವೇಗ ಮತ್ತು ಕೋನ ಎರಡನ್ನೂ ಮತ್ತೆ ಕೂಡಿಸಿಕೊಳ್ಳಬೇಕು. ಆಟದ ಹುಟ್ಟಿನಲ್ಲೇ ಈ ಗುಣವಿದೆ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಹತ್ತು ಅಡಿ ಎತ್ತರಕ್ಕೆ ಪೀಚ್ ಹಣ್ಣಿನ ಬುಟ್ಟಿಗಳನ್ನು ಹೊಡೆಸಿ ಬರೆದ 13 ನಿಯಮಗಳಲ್ಲಿ ಒಂದು, ಚೆಂಡು ಹಿಡಿದವನು ಓಡದೆ ಹಿಡಿದ ಜಾಗದಿಂದಲೇ ಎಸೆಯಬೇಕು ಎಂಬುದು. ಆ ಜಾಗ ಯಾವುದೆಂದು ಮೊದಲೇ ಯಾರಿಗೂ ಗೊತ್ತಿರುತ್ತಿರಲಿಲ್ಲ.

ಆಕ್ರಮಣದ ವ್ಯೂಹಗಳಿಗೂ ಇದೇ ಅನ್ವಯಿಸುತ್ತದೆ. ಅಮೆರಿಕದ ತರಬೇತುದಾರ ಟೆಕ್ಸ್ ವಿಂಟರ್ ಬೆಳೆಸಿದ, ಫಿಲ್ ಜ್ಯಾಕ್ಸನ್ ತರಬೇತಿಯಲ್ಲಿ ಶಿಕಾಗೊ ಬುಲ್ಸ್ ತಂಡ ಅಲ್ಲಿನ ವೃತ್ತಿಪರ ಲೀಗ್‌ನಲ್ಲಿ 1991ರಿಂದ 1998ರೊಳಗೆ ಆರು ಪ್ರಶಸ್ತಿ ಗೆದ್ದಾಗ ಆಡುತ್ತಿದ್ದ ತ್ರಿಕೋನ ವ್ಯೂಹದಲ್ಲಿ ಮೂವರು ಒಂದು ಬದಿಗೆ, ಇಬ್ಬರು ಇನ್ನೊಂದು ಬದಿಗೆ, ಸುಮಾರು 15ರಿಂದ 20 ಅಡಿ ಅಂತರದಲ್ಲಿ ನಿಲ್ಲುತ್ತಾರೆ. ಮುಂದಿನ ಪಾಸ್ ಯಾರಿಗೆಂದು ನಿರ್ಧರಿಸುವುದು ಎದುರಾಳಿ ನಿಂತ ಜಾಗ. ಪ್ಲಾಸ್ಟಿಕ್ ಕೋನ್‌ಗಳ ಸುತ್ತ ಮಕ್ಕಳನ್ನು ಓಡಿಸಿ ಇದನ್ನು ಕಲಿಸಲಾಗದು, ಕೋನ್ ಕೈ ಚಾಚಿ ಪಾಸ್ ತಡೆಯುವುದಿಲ್ಲ. ಮೂವರು ಆಕ್ರಮಿಸಲಿ, ಇಬ್ಬರು ತಡೆಯಲಿ. ತಡೆಯುವವರು ಪ್ರತಿ ಸಲ ಬೇರೆ ಜಾಗದಿಂದ ಬರಲಿ.

ಚೆಂಡು ಹಿಡಿಯುವುದನ್ನೇ ಕಲಿಯುತ್ತಿರುವ ಮಗುವಿಗೆ ಕೆಲವು ದಿನ ಒಂದೇ ಜಾಗದ ಅಭ್ಯಾಸ ಬೇಕಾಗುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಫ್ರೀ ಥ್ರೋ ಗೆರೆ ಬದಲಾಗುವುದಿಲ್ಲವಲ್ಲ ಎಂದು ಕೇಳುವವರೂ ಇದ್ದಾರೆ. ಆದರೆ ಪಂದ್ಯದಲ್ಲಿ ಅದು ಬರುವುದು ಓಡಿ ಏದುಸಿರು ಬಿಡುವಾಗ, ಹೆಚ್ಚಾಗಿ ಒಂದೆರಡೇ ಎಸೆತವಾಗಿ. ಅಭ್ಯಾಸದಲ್ಲೂ ಒಂದು ಓಟ, ಎರಡು ಎಸೆತ, ಮತ್ತೆ ಓಟ ಎಂದಿರಬೇಕು.

ಎರಡನೆಯ ಸಂಜೆ ತರಬೇತುದಾರರು ನನ್ನ ಮಾತಿಗೆ ಒಪ್ಪಿ ರಿಂಗಿನ ಸುತ್ತ ಸುಣ್ಣದಲ್ಲಿ ಐದು ಗುರುತು ಹಾಕಿದರು. ಒಂದೇ ಗುರುತಿನಿಂದ ಸತತ ಎರಡು ಸಲ ಎಸೆಯುವಂತಿಲ್ಲ, ತಾನೆಸೆದ ಚೆಂಡನ್ನು ತಾನೇ ಹಿಡಿದು ಮುಂದಿನ ಗುರುತಿಗೆ ಓಡಬೇಕು. ಹುಡುಗಿಗೆ ಹತ್ತಕ್ಕೆ ನಾಲ್ಕರ ಮೇಲೆ ಬೀಳಲಿಲ್ಲ, ಮುಖ ಸಣ್ಣದಾಯಿತು. ಹಿಂದಿನ ಸಂಜೆಯ ಏಳನ್ನು ಅಳಿಸಿ, ಇನ್ನು ಮುಂದೆ ದಿನದ ಮೊದಲ ಹತ್ತು ಎಸೆತಗಳನ್ನಷ್ಟೇ ಬರೆದಿಡಲು ತರಬೇತುದಾರರು ಅವಳಿಗೊಂದು ನೋಟ್‌ಬುಕ್ ಕೊಟ್ಟರು.