ಎಕ್ಸಾಡೇಟಾಗೆ ಪ್ಯಾಚ್: ‘ಯಮ್ ಅಪ್‌ಡೇಟ್’ ಕೊಟ್ಟರೆ ಸಾಲದೇ?

ಪ್ರಶ್ನೆ: ನಮ್ಮಲ್ಲಿ ಒರಾಕಲ್ ಎಕ್ಸಾಡೇಟಾ (ಡೇಟಾಬೇಸ್‌ಗಾಗಿ ಸರ್ವರ್, ಸ್ಟೋರೇಜ್, ನೆಟ್‌ವರ್ಕ್ ಒಟ್ಟಿಗೆ ಜೋಡಿಸಿದ ಯಂತ್ರ) ಇದೆ. ಲಿನಕ್ಸ್‌ನ ಒಂದೇ ಒಂದು ಸೆಕ್ಯುರಿಟಿ ಪ್ಯಾಚ್ ಹಾಕಬೇಕು. ಬೇರೆ ಸರ್ವರ್‌ಗಳಲ್ಲಿ ಮಾಡುವಂತೆ ಯಮ್ ಅಪ್‌ಡೇಟ್ (ಲಿನಕ್ಸ್ ಪ್ಯಾಕೇಜ್‌ಗಳನ್ನು ಹೊಸದಾಗಿಸುವ ಆಜ್ಞೆ) ಕೊಟ್ಟು ರೀಬೂಟ್ ಮಾಡಿದರೆ ಆಗದೇ?

ಉತ್ತರ: ಹಾಗೆ ಮಾಡಬೇಡಿ. ಇಂಥ ಯಂತ್ರದಲ್ಲಿ ಕರ್ನಲ್ (ಲಿನಕ್ಸ್‌ನ ತಿರುಳು), ಡ್ರೈವರ್, ಡಿಸ್ಕ್ ಫರ್ಮ್‌ವೇರ್ (ಡಿಸ್ಕಿನೊಳಗೇ ಇರುವ ತಂತ್ರಾಂಶ), ನೆಟ್‌ವರ್ಕ್ ಕಾರ್ಡಿನ ಫರ್ಮ್‌ವೇರ್ ಎಲ್ಲವನ್ನೂ ಒಟ್ಟಿಗೆ ಪರೀಕ್ಷಿಸಿ ಒಂದೇ ಇಮೇಜ್ ಆಗಿ ಕೊಟ್ಟಿರುತ್ತಾರೆ. ಕರ್ನಲ್ ಒಂದನ್ನೇ ಮುಂದಕ್ಕೆ ತಳ್ಳಿದರೆ ಉಳಿದವುಗಳ ಜೊತೆಗಿನ ಹೊಂದಿಕೆ ತಪ್ಪುತ್ತದೆ. ಡೇಟಾ ಇಡುವ ಸರ್ವರ್‌ಗಳಾದ ಸ್ಟೋರೇಜ್ ಸೆಲ್‌ಗಳಲ್ಲಂತೂ ಹೊರಗಿನ ಆರ್‌ಪಿಎಂ (ಲಿನಕ್ಸ್ ಪ್ಯಾಕೇಜ್) ಒಂದನ್ನೂ ಹಾಕುವಂತಿಲ್ಲ. ಇಲ್ಲಿ ಬಳಸಬೇಕಾದ ಸಾಧನ ಒರಾಕಲ್‌ನದೇ ಆದ ಪ್ಯಾಚ್‌ಎಮ್‌ಜಿಆರ್.

ಮೊದಲು ಅದರ ಪ್ರೀ-ಚೆಕ್ (ಪ್ಯಾಚ್‌ಗೆ ಮುಂಚಿನ ತಪಾಸಣೆ) ಓಡಿಸಿ. ಪ್ಯಾಚ್ ಹಾಕುವ ರಾತ್ರಿಯವರೆಗೆ ಕಾಯದೆ ಕೆಲವು ದಿನ ಮುಂಚೆಯೇ ಓಡಿಸಿದರೆ ಸಿಕ್ಕಿದ ದೋಷ ಸರಿಪಡಿಸಲು ಸಮಯವಿರುತ್ತದೆ. ಡೇಟಾಬೇಸ್ ನೋಡ್‌ನಲ್ಲಿ (ಡೇಟಾಬೇಸ್ ಓಡುವ ಸರ್ವರ್) ಮೌಂಟ್ ಆಗಿಯೇ ಉಳಿದ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಬಳಸುವ ಫೈಲ್ ವ್ಯವಸ್ಥೆ), ಕೈಯಾರೆ ಹಾಕಿದ ಹೆಚ್ಚುವರಿ ಆರ್‌ಪಿಎಂ: ಬಹಳ ಸಲ ತಡೆಯೊಡ್ಡುವುದು ಇವೇ. ಇನ್ನೊಂದು ಮಾತು, ಪ್ಯಾಚ್‌ಎಮ್‌ಜಿಆರ್ ತಾನು ಓಡುತ್ತಿರುವ ನೋಡ್‌ಗೆ ತಾನೇ ಪ್ಯಾಚ್ ಹಾಕಲಾರದು. ಆ ನೋಡ್‌ನ ಸರದಿಗೆ ಬೇರೆ ಯಂತ್ರದಿಂದ ಓಡಿಸಬೇಕು.

ನಿಜವಾದ ಅಪಾಯ ಇರುವುದು ಸೆಲ್‌ಗಳ ರೋಲಿಂಗ್ ಪ್ಯಾಚ್‌ನಲ್ಲಿ, ಅಂದರೆ ಡೇಟಾಬೇಸ್ ನಿಲ್ಲಿಸದೆ ಒಂದೊಂದೇ ಸೆಲ್‌ಗೆ ಪ್ಯಾಚ್ ಹಾಕುವುದರಲ್ಲಿ. ನಾರ್ಮಲ್ ರಿಡಂಡೆನ್ಸಿ ಎಂದರೆ ಡೇಟಾದ ಪ್ರತಿಗಳು ಎರಡೇ. ಒಂದು ಸೆಲ್ ಆಫ್‌ಲೈನ್ ಆದ ಹೊತ್ತಿಗೆ ಜೋಡಿ ಪ್ರತಿ ಇರುವ ಡಿಸ್ಕ್ ಕೆಟ್ಟರೆ ಡಿಸ್ಕ್ ಗ್ರೂಪೇ (ಒಟ್ಟಾಗಿ ಬಳಸುವ ಡಿಸ್ಕ್‌ಗಳ ಗುಂಪು) ಡಿಸ್‌ಮೌಂಟ್ ಆಗಿ ಡೇಟಾಬೇಸ್‌ಗೆ ಸಿಗದಂತಾಗಬಹುದು. ಹೈ ರಿಡಂಡೆನ್ಸಿಯಲ್ಲಿ ಮೂರು ಪ್ರತಿ ಇರುವುದರಿಂದ ಆಗಲೂ ಒಂದು ಉಳಿದಿರುತ್ತದೆ. ನಿಮ್ಮದು ನಾರ್ಮಲ್ ಆಗಿದ್ದು, ಡೌನ್‌ಟೈಮ್ ಸಿಗುವಂತಿದ್ದರೆ ನಾನ್-ರೋಲಿಂಗ್ (ಎಲ್ಲ ನಿಲ್ಲಿಸಿ ಸೆಲ್‌ಗಳಿಗೆ ಒಟ್ಟಿಗೆ ಪ್ಯಾಚ್ ಹಾಕುವುದು) ಆರಿಸಿಕೊಳ್ಳುವುದೇ ಕ್ಷೇಮ.

ರೋಲಿಂಗ್ ಅನಿವಾರ್ಯವಾದರೆ ಮೊದಲು ಪ್ರತಿ ಸೆಲ್‌ನಲ್ಲಿ ಸೆಲ್‌ಸಿಎಲ್‌ಐ (ಸೆಲ್‌ನ ಆಜ್ಞಾ ಸಾಧನ) ತೆರೆದು ಗ್ರಿಡ್ ಡಿಸ್ಕ್‌ಗಳ (ಎಎಸ್‌ಎಂ, ಅಂದರೆ ಒರಾಕಲ್‌ನ ಡಿಸ್ಕ್ ನಿರ್ವಹಣಾ ತಂತ್ರಾಂಶ, ಬಳಸುವ ಡಿಸ್ಕ್ ಭಾಗಗಳು) ಪಟ್ಟಿ ತೆಗೆಯಿರಿ. ‘ಎಎಸ್‌ಎಂ ಡಿಆಕ್ಟಿವೇಶನ್ ಔಟ್‌ಕಮ್’ ಎದುರು ಎಲ್ಲ ಸಾಲಿನಲ್ಲೂ ‘ಯೆಸ್’ ಇರಬೇಕು. ಒಂದು ಸಾಲಿನಲ್ಲಿ ಬೇರೇನೋ ಕಂಡರೂ ಅಲ್ಲಿಗೇ ನಿಲ್ಲಿಸಿ. ಪ್ರತಿ ಇರುವ ಜೋಡಿ ಡಿಸ್ಕ್ ಎಲ್ಲೋ ಆಗಲೇ ಆಫ್‌ಲೈನ್ ಇದೆ ಎಂದು ಸಾಮಾನ್ಯವಾಗಿ ಅದರ ಅರ್ಥ.

ಡಿಸ್ಕ್ ರಿಪೇರ್ ಟೈಮ್ (ಆಫ್‌ಲೈನ್ ಆದ ಡಿಸ್ಕ್‌ಗಾಗಿ ಎಎಸ್‌ಎಂ ಕಾಯುವ ಅವಧಿ) ಎಷ್ಟಿದೆ ಎಂದೂ ನೋಡಿ. ಹಳೆಯ ಎಎಸ್‌ಎಂ ಆವೃತ್ತಿಗಳಲ್ಲಿ ಇದರ ಡಿಫಾಲ್ಟ್ 3.6 ಗಂಟೆ. ಸೆಲ್ ಅಷ್ಟರೊಳಗೆ ಮೇಲೇಳದಿದ್ದರೆ ಎಎಸ್‌ಎಂ ಆ ಡಿಸ್ಕ್‌ಗಳನ್ನು ಡ್ರಾಪ್ ಮಾಡಿ ರೀಬ್ಯಾಲೆನ್ಸ್ (ಉಳಿದ ಡಿಸ್ಕ್‌ಗಳಲ್ಲಿ ಡೇಟಾ ಮತ್ತೆ ಹಂಚುವುದು) ಶುರುಮಾಡುತ್ತದೆ. ಬದಲಾದ ಭಾಗವನ್ನಷ್ಟೇ ಸಿಂಕ್ ಮಾಡಿ ಮುಗಿಸಬಹುದಾಗಿದ್ದ ಕೆಲಸ ಆಗ ಇಡೀ ಡೇಟಾ ಸಾಗಿಸುವಷ್ಟು ಬೆಳೆಯುತ್ತದೆ. ಸಮಯ ಹೆಚ್ಚಿಸಬೇಕಿದ್ದರೆ ಡಿಸ್ಕ್ ಆಫ್‌ಲೈನ್ ಆಗುವ ಮೊದಲೇ ಹೆಚ್ಚಿಸಿ.

ಸೆಲ್ ರೀಬೂಟ್ ಆಗಿ ಬಂದ ಕೂಡಲೇ ಕೆಲಸ ಮುಗಿಯುವುದಿಲ್ಲ. ಡಿಸ್ಕ್‌ಗಳ ಸ್ಥಿತಿ ‘ಸಿಂಕಿಂಗ್’ನಿಂದ ‘ಆನ್‌ಲೈನ್’ಗೆ ತಿರುಗಿದ ಮೇಲಷ್ಟೇ ಮುಂದಿನ ಸೆಲ್. ಪ್ಯಾಚ್‌ಎಮ್‌ಜಿಆರ್ ಇದಕ್ಕೆ ತಾನಾಗಿಯೇ ಕಾಯುತ್ತದೆ, ಅವಸರಪಟ್ಟು ಅದನ್ನು ಕಡಿಯಬೇಡಿ. ಫರ್ಮ್‌ವೇರ್ ಬರೆಯುವಾಗ ಪರದೆ ಬಹಳ ಹೊತ್ತು ಸುಮ್ಮನಿರುತ್ತದೆ. ಸ್ತಬ್ಧವಾಯಿತೆಂದು ಪವರ್ ತೆಗೆದರೆ ಬೋರ್ಡೇ ಹೋಗಬಹುದು. ಐಲಾಮ್ (ಸರ್ವರನ್ನು ದೂರದಿಂದ ನೋಡಿಕೊಳ್ಳುವ ವ್ಯವಸ್ಥೆ) ಕನ್ಸೋಲ್ ತೆರೆದಿಟ್ಟುಕೊಂಡಿದ್ದರೆ ಏನು ನಡೆದಿದೆಯೆಂದು ಕಾಣುತ್ತಿರುತ್ತದೆ.

ಕೊನೆಗೆ ಪ್ರತಿ ಸೆಲ್‌ನಲ್ಲೂ ಇಮೇಜ್‌ಇನ್ಫೊ ಆಜ್ಞೆ ಕೊಟ್ಟು ನೋಡಿ, ಸ್ಟೇಟಸ್ ‘ಸಕ್ಸೆಸ್’ ಎಂದಿರಬೇಕು. ಹೊಸ ಇಮೇಜ್ ಬರೆದಿರುವುದು ಅಲ್ಲಿಯವರೆಗೆ ನಿಷ್ಕ್ರಿಯವಾಗಿದ್ದ ಪಾರ್ಟಿಶನ್‌ಗೆ. ಹಳೆಯದು ಪಕ್ಕದಲ್ಲೇ ಇರುವುದರಿಂದ ತೊಂದರೆಯಾದರೆ ರೋಲ್‌ಬ್ಯಾಕ್‌ಗೆ ದಾರಿಯಿದೆ.