ಕೊಳೆತ ಮೊಟ್ಟೆಯ ವಾಸನೆ, ಕುಗ್ಗಿದ ಇಲಿಯ ಮನಸ್ಸು

ಮೈಸೂರು ರಸ್ತೆಯಲ್ಲಿ ಕೆಂಗೇರಿ ಕಡೆಗೆ ಹೋಗುವಾಗ ವೃಷಭಾವತಿಯಿಂದ ಏಳುವ ಕೊಳೆತ ಮೊಟ್ಟೆಯಂಥ ನಾತ ಹೈಡ್ರೋಜನ್ ಸಲ್ಫೈಡ್‌ನದು. ಆಮ್ಲಜನಕ ಸಿಗದ ಕೊಳಚೆಯಲ್ಲಿ ಬ್ಯಾಕ್ಟೀರಿಯಾಗಳು ಸಲ್ಫೇಟಿನಿಂದ ಇದನ್ನು ಮಾಡುತ್ತವೆ. ಅಚ್ಚರಿಯೆಂದರೆ, ನಮ್ಮ ಮೆದುಳೂ ಸಿಸ್ಟೀನ್ ಎಂಬ ಅಮೈನೋ ಆಮ್ಲದಿಂದ ಇದೇ ಅನಿಲವನ್ನು ಅತ್ಯಲ್ಪ ಪ್ರಮಾಣದಲ್ಲಿ ತಯಾರಿಸುತ್ತದೆ. ನೆನಪಿಗೆ ಬೇಕಾದ ಹಿಪೋಕ್ಯಾಂಪಸ್ ಭಾಗದಲ್ಲಿ ಅದು ನರಕೋಶಗಳ ನಡುವಿನ ಸಂಕೇತವನ್ನು ಬಲಪಡಿಸುತ್ತದೆಂದು ವಿಜ್ಞಾನಿಗಳಾದ ಅಬೆ ಮತ್ತು ಕಿಮುರಾ 1996ರಲ್ಲೇ ತೋರಿಸಿದರು.

ಈ ಅನಿಲ ಖಿನ್ನತೆಯನ್ನೂ ಇಳಿಸಬಲ್ಲದೇ ಎಂಬ ಪ್ರಶ್ನೆ ಆಮೇಲೆ ಬಂತು. ಅದನ್ನು ಪರೀಕ್ಷಿಸಲು ಮೊದಲು ಇಲಿಗಳ ಮನಸ್ಸು ಕುಗ್ಗುವಂತೆ ಅವನ್ನು ವಾರಗಟ್ಟಲೆ ಕಾಡುತ್ತಾರೆ: ಒಂದು ದಿನ ಒದ್ದೆ ಹಾಸು, ಇನ್ನೊಂದು ದಿನ ಓರೆಯಾದ ಗೂಡು, ಮತ್ತೊಂದು ರಾತ್ರಿಯಿಡೀ ದೀಪ. ಕ್ರಮ ದಿನವೂ ಬದಲಾಗಬೇಕು. ಇಲ್ಲದಿದ್ದರೆ ಇಲಿ ಒಗ್ಗಿಕೊಂಡುಬಿಡುತ್ತದೆ. ಕೊನೆಗೆ ಅದು ಸಕ್ಕರೆ ನೀರನ್ನೂ ಆಸೆಯಿಂದ ಕುಡಿಯುವುದಿಲ್ಲ. 1% ಸುಕ್ರೋಸ್ ಮತ್ತು ಬರೀ ನೀರಿನ ಎರಡು ಬಾಟಲಿ ಇಟ್ಟು ಇದನ್ನು ಅಳೆಯುತ್ತಾರೆ. ಬಾಟಲಿಗಳ ಜಾಗ ಅದಲು ಬದಲು ಮಾಡದಿದ್ದರೆ ಲೆಕ್ಕ ಕೆಡುತ್ತದೆ, ಕೆಲವು ಇಲಿಗಳಿಗೆ ಎಡ ಅಥವಾ ಬಲ ಮೂಲೆಯೇ ಇಷ್ಟ.

ಅನಿಲವನ್ನು ನೇರವಾಗಿ ಕೊಡುವುದು ಕಷ್ಟ. ಹಾಗಾಗಿ ಅದನ್ನು ಬಿಡುಗಡೆ ಮಾಡುವ ಸೋಡಿಯಂ ಹೈಡ್ರೋಸಲ್ಫೈಡ್ ಎಂಬ ಉಪ್ಪನ್ನು ಹೊಟ್ಟೆಗೆ ಚುಚ್ಚುತ್ತಾರೆ. ಇಂಥ ಪ್ರಯೋಗಗಳಲ್ಲಿ ಬಳಸಿರುವ ಒಂದು ಪ್ರಮಾಣ ಕಿಲೋಗ್ರಾಂ ತೂಕಕ್ಕೆ 5.6 ಮಿಲಿಗ್ರಾಂ, 25 ಗ್ರಾಂ ತೂಗುವ ಸುಂಡಿಲಿಗೆ ಬರೀ 0.14 ಮಿಲಿಗ್ರಾಂ. ದ್ರಾವಣವನ್ನು ಆಗಿಂದಾಗ್ಗೆ ಕಲಸಿ ಕೂಡಲೇ ಬಳಸಬೇಕು. ತೆರೆದಿಟ್ಟರೆ ಅನಿಲ ಹಾರಿಹೋಗಿ ಸತ್ವವಿಲ್ಲದ ನೀರು ಉಳಿಯುತ್ತದೆ. ಈ ತೊಂದರೆಯನ್ನೇ ಚೊಕ್ಕ ಪರೀಕ್ಷೆಯಾಗಿಯೂ ಬಳಸಬಹುದು. ಅನಿಲ ಹೋದ ಹಳೆಯ ದ್ರಾವಣವೂ ಅದೇ ಪರಿಣಾಮ ಕೊಟ್ಟರೆ, ಕೆಲಸ ಮಾಡಿದ್ದು ಅನಿಲವಲ್ಲ.

ಔಷಧ ಕೊಟ್ಟ ಪ್ರಾಣಿಗಳು ಈಜು ಪರೀಕ್ಷೆಯಲ್ಲಿ ಅಲುಗಾಡದೆ ತೇಲುವ ಹೊತ್ತು ಕಡಿಮೆ; ಹಾಗೆ ತೇಲುವುದನ್ನು ಕೈಚೆಲ್ಲಿ ಕೂತ ಲಕ್ಷಣವೆಂದು ಎಣಿಸುತ್ತಾರೆ. ಸುಂಡಿಲಿಯನ್ನು ಸುಮಾರು 24 ಡಿಗ್ರಿ ನೀರಿನಲ್ಲಿ 6 ನಿಮಿಷ ಬಿಟ್ಟು ಕೊನೆಯ 4 ನಿಮಿಷ ಎಣಿಸುತ್ತಾರೆ. ನೀರು ತೀರಾ ತಣ್ಣಗಿದ್ದರೆ ಮೈಯ ಬಿಸಿ ಇಳಿದು ಫಲಿತಾಂಶ ಕೆಡುತ್ತದೆ. ಬಾಲ ತಳ ಮುಟ್ಟಿದರೆ ಅದು ಈಜದೆ ನಿಂತುಬಿಡುತ್ತದೆ. ಇನ್ನೂ ದೊಡ್ಡ ಮೋಸ ಬೇರೆ: ಔಷಧ ಬರೀ ಚಟುವಟಿಕೆ ಹೆಚ್ಚಿಸಿದರೂ ಖಿನ್ನತೆ ಇಳಿದಂತೆ ಕಾಣುತ್ತದೆ. ಖಾಲಿ ತೆರೆದ ಪೆಟ್ಟಿಗೆಯಲ್ಲಿ ಬಿಟ್ಟು ಪ್ರಾಣಿಯ ಓಡಾಟ ಅಳೆಯದ ಅಧ್ಯಯನವನ್ನು ನಂಬುವಂತಿಲ್ಲ. ಸಕ್ಕರೆ ನೀರಿನ ಆಸೆ ಮರಳಿದ್ದೇ ಹೆಚ್ಚು ಬಲವಾದ ಸಾಕ್ಷಿ, ಏಕೆಂದರೆ ಅಲ್ಲಿ ಓಡಾಟದ ಪಾತ್ರ ಕಡಿಮೆ.

ಇಷ್ಟೆಲ್ಲ ಇಲಿಗಳ ಮಾತು. ಮನುಷ್ಯರ ಖಿನ್ನತೆಗೆ ಇದು ಔಷಧವಾಗಿಲ್ಲ, ಮೋರಿಯ ಗಾಳಿಯಂತೂ ವಿಷವೇ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 100 ಭಾಗ ತಲುಪಿದರೆ ಮೂಗು ಮರಗಟ್ಟಿ ವಾಸನೆಯೇ ತಿಳಿಯದು. 500 ದಾಟಿದರೆ ಜೀವಕ್ಕೇ ಸಂಚಕಾರ. ಗಾಳಿಗಿಂತ ಭಾರವಾದ್ದರಿಂದ ಅದು ಮ್ಯಾನ್‌ಹೋಲಿನ ತಳದಲ್ಲಿ ಕೂತಿರುತ್ತದೆ. ವಾಸನೆ ನಿಂತಿತೆಂದು ಒಳಗಿಳಿದವರು ಅಲ್ಲೇ ಕುಸಿಯುತ್ತಾರೆ.